ಮಗಳು ಕೇಳಿದ ಪ್ರಶ್ನೆ

ಸ್ಮರಣ ಸಂಚಿಕೆಗೊಂದು ಲೇಖನ ಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ, ಸೊನ್ನಲಿಗೆಯ ಸಿದ್ಧರಾಮನನ್ನು ಕುರಿತೋ ಜಯದೇವಿ ತಾಯಿ ಲಿಗಾಡೆಯವರನ್ನು ಕುರಿತೋ ನಾನು ಬರೆಯುವೆನೆಂದು ಅವರು ಎಣಿಸಿರಬೇಕು. ಅಕ್ಕಲಕೋಟೆ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮೂರೂವರೆ ದಶಕ ಪಾಠ ಹೇಳಿದವನಿಂದ ಅಂಥದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾನೊಬ್ಬನೇ ಬರೆಯಬಹುದಾದ ವಿಷಯವೊಂದಿದೆ. ಅದು ನನ್ನ ಬಲಗಾಲು.

ಸಂಘದ ಸಭೆಗಳಿಗೆ ಬರುವವರೆಲ್ಲ ಆ ಕಾಲನ್ನು ಬಲ್ಲರು. ನಾನು ಬಾಗಿಲಿಗೆ ಬರುವ ಮುಂಚೆಯೇ ಕ್ಯಾಲಿಪರಿನ ಕಬ್ಬಿಣದ ಸದ್ದು ಒಳಗೆ ಬಂದಿರುತ್ತದೆ. ಯಾರಾದರೊಬ್ಬರು ಎದ್ದು ಮುಂದಿನ ಸಾಲಿನ ತುದಿಯ ಕುರ್ಚಿಯನ್ನು ಬಿಟ್ಟುಕೊಡುತ್ತಾರೆ. ಆದರೆ ಇಷ್ಟು ವರ್ಷಗಳಲ್ಲಿ, ಈ ಕಾಲಿಗೆ ಏನಾಯಿತೆಂದು ಕೇಳಿದವರು ಒಬ್ಬರೂ ಇಲ್ಲ. ಕೇಳದಿರುವುದೇ ಸೌಜನ್ಯವೆಂದು ಅವರೂ, ಹೇಳದಿರುವುದೇ ಮರ್ಯಾದೆಯೆಂದು ನಾನೂ ನಂಬಿಕೊಂಡು ಬಂದಿದ್ದೇವೆ. ಮಾತಿಲ್ಲದೆ ಆದ ಈ ಒಪ್ಪಂದವನ್ನು ಮೊದಲು ಮುರಿದವಳು ನನ್ನ ಮಗಳು. ಆಗ ಅವಳಿಗೆ ನಾಲ್ಕು ವರ್ಷ.

ಅವಳ ಪ್ರಶ್ನೆಗೆ ಬರುವ ಮುನ್ನ ಕಾಲಿನ ಕಥೆಯನ್ನು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು 1957ರಲ್ಲಿ, ಅಕ್ಕಲಕೋಟೆಯ ಸಮೀಪದ ಒಂದು ಹಳ್ಳಿಯ ಒಕ್ಕಲುಮನೆಯಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ಜ್ವರ ಬಂದಿತು. ಮೂರು ದಿನ ಕಾದ ಮೈ ನಾಲ್ಕನೆಯ ದಿನ ತಣ್ಣಗಾಯಿತು. ಅವ್ವ ಸಂತೋಷದಿಂದ ಎತ್ತಿ ಹೊಸ್ತಿಲ ಬಳಿ ನಿಲ್ಲಿಸಿದರೆ ಬಲಗಾಲು ಒದ್ದೆ ಬಟ್ಟೆಯಂತೆ ಮಡಚಿಕೊಂಡಿತಂತೆ. ಜ್ವರಕ್ಕೆ ಹಾಕಿದ ಸೂಜಿಯೇ ಕಾಲನ್ನು ತಿಂದಿತೆಂದು ಅವಳು ಕಡೆತನಕ ನಂಬಿದ್ದಳು. ಅದು ಪೋಲಿಯೋ ಎಂಬ ರೋಗವೆಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಜೋನಾಸ್ ಸಾಲ್ಕ್ ಕಂಡುಹಿಡಿದ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1955ರಲ್ಲಿ, ಅಂದರೆ ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ಅದನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಹಿರಿಯರು ತಮಗೆ ತಿಳಿದುದನ್ನೆಲ್ಲ ಮಾಡಿದರು. ಎಣ್ಣೆ ತಿಕ್ಕಿದರು. ಹರಕೆ ಹೊತ್ತರು. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರು ಕುಳಿತಿದ್ದ ವಟವೃಕ್ಷದ ಸನ್ನಿಧಿಗೆ ಅವ್ವ ನನ್ನನ್ನು ಕಂಕುಳಲ್ಲಿ ಹೊತ್ತು ಎಷ್ಟೋ ಗುರುವಾರ ನಡೆದು ಹೋದಳು. ಒಂದು ಸೂರ್ಯಗ್ರಹಣದ ದಿನ ನನ್ನನ್ನು ಸೊಂಟದವರೆಗೆ ತಿಪ್ಪೆಯ ಗೊಬ್ಬರದಲ್ಲಿ ಹೂತು ಗ್ರಹಣ ಬಿಡುವ ತನಕ ಕೂರಿಸಿದ್ದರು. ಹಾಗೆ ಮಾಡಿದರೆ ಕಾಲಿಗೆ ಕಸುವು ಬರುತ್ತದೆಂಬ ನಂಬಿಕೆ ನಮ್ಮ ಕಡೆಗೂ ಕಲಬುರಗಿಯ ಕಡೆಗೂ ಇತ್ತು. ಇಂದು ಅದನ್ನು ಕೇಳಿದವರು ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ನನಗೆ ನೆನಪಿರುವುದು ಗೊಬ್ಬರದ ಬಿಸಿ ಮತ್ತು ನನ್ನ ಪಕ್ಕದಲ್ಲಿ ಬಿಸಿಲಿನಲ್ಲೇ ಉಪವಾಸ ಕುಳಿತಿದ್ದ ಅವ್ವನ ಮುಖ.

ಹೀಗೆ ಬಲಗೈಯಿಂದ ಬಲದ ತೊಡೆಯನ್ನು ಒತ್ತಿ, ಮೈಯನ್ನು ಆ ಕಡೆಗೆ ವಾಲಿಸಿ ನಡೆಯಲು ಕಲಿತೆ. ನಮ್ಮ ಸೀಮೆಯಲ್ಲಿ ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ನೀವು ಬಲ್ಲಿರಿ. ಹೆಳವನು ಊರಿಗೆ ಬಂದ ದಿನ ನನ್ನ ಜೊತೆಯ ಹುಡುಗರು, "ನಿನ್ನ ಸೋದರಮಾವ ಬಂದಾನ ನೋಡೋ" ಎಂದು ಕೂಗುತ್ತಿದ್ದರು. ನಾನು ಹಗೇವಿನ ಹಿಂದೆ ಅಡಗಿಕೊಳ್ಳುತ್ತಿದ್ದೆ. ಕಾಲನ್ನು ಅಡಗಿಸುವ ವಿದ್ಯೆಯನ್ನು ಅಲ್ಲಿಂದಲೇ ಕಲಿತೆನೆಂದು ತೋರುತ್ತದೆ. ಸೊಲ್ಲಾಪುರಕ್ಕೆ ಓದಲು ಬಂದ ಮೇಲೆ ತೊಗಲು ಮತ್ತು ಕಬ್ಬಿಣದ ಕ್ಯಾಲಿಪರ್ ಸಿಕ್ಕಿತು. ಅದರ ಮೇಲೆ ಅಗಲವಾದ ಪ್ಯಾಂಟು. ಫೋಟೋ ತೆಗೆಸುವಾಗ ಸದಾ ಹಿಂದಿನ ಸಾಲು. ತರಗತಿಯಲ್ಲಿ ಮಕ್ಕಳು ಬರುವ ಮುಂಚೆಯೇ ಹೋಗಿ ಮೇಜಿನ ಹಿಂದೆ ಕುಳಿತಿರುತ್ತಿದ್ದೆ. ಮಾಸ್ತರರು ಬಹಳ ಶಿಸ್ತಿನವರು, ಗಂಟೆಗೆ ಮೊದಲೇ ಬರುತ್ತಾರೆ ಎಂದು ಊರಿನವರು ಹೊಗಳುತ್ತಿದ್ದರು. ಶಿಸ್ತಿನ ಒಳಗುಟ್ಟು ನನಗೆ ಮಾತ್ರ ಗೊತ್ತಿತ್ತು.

1992ರಲ್ಲಿ ಮಗಳು ಹುಟ್ಟಿದಳು. ವರ್ಷ ತುಂಬುವುದರೊಳಗೆ ಗೋಡೆ ಹಿಡಿದು ನಡೆದಳು. ಆಮೇಲೆ ಗೋಡೆ ಬಿಟ್ಟು ನಡೆದಳು. ಮನೆಯಲ್ಲಿ ನಾನು ಕ್ಯಾಲಿಪರ್ ಕಳಚಿಟ್ಟು ಹಳೆಯ ಪದ್ಧತಿಯಂತೆ ತೊಡೆ ಒತ್ತಿಯೇ ಓಡಾಡುವವನು. ಒಂದು ಸಂಜೆ ಅಂಗಳದಲ್ಲಿ ನನ್ನ ಹಿಂದೆ ಬರುತ್ತಿದ್ದ ಮಗು ತಾನೂ ಬಲಗೈಯನ್ನು ತೊಡೆಯ ಮೇಲೆ ಊರಿ, ಮೈಯನ್ನು ವಾಲಿಸಿ, ಒಂದೊಂದೇ ಹೆಜ್ಜೆ ಹಾಕತೊಡಗಿತು. ನೋಡಿದ ನನ್ನ ಹೆಂಡತಿಗೆ ಎದೆ ಒಡೆದಂತಾಯಿತು. ಓಡಿ ಬಂದು ಮಗುವಿನ ಕಾಲನ್ನು ತಡವಿ ತಡವಿ ನೋಡಿದಳು. ಕಾಲು ಚೆನ್ನಾಗಿಯೇ ಇತ್ತು. ಮಗು ಅಪ್ಪನಂತೆ ನಡೆಯುತ್ತಿತ್ತು, ಅಷ್ಟೇ. ಹುಬ್ಬನ್ನು ನನ್ನಂತೆ ಏರಿಸುತ್ತಿತ್ತು, ಚಹಾದ ಬಟ್ಟಲನ್ನು ನನ್ನಂತೆ ಹಿಡಿಯಲು ನೋಡುತ್ತಿತ್ತು, ಹಾಗೆಯೇ ಇದೂ. ಅವಳ ಪಾಲಿಗೆ ಅದು ನಡೆಯುವ ರೀತಿಗಳಲ್ಲಿ ಒಂದಾಗಿತ್ತು, ಅದೂ ದೊಡ್ಡವರ ರೀತಿ.

ನನ್ನ ಅವ್ವ ಮಾತ್ರ ಅದನ್ನು ಸಹಿಸಲಿಲ್ಲ. "ಹಂಗ ನಡೀಬಾರ್ದು, ಕೆಟ್ಟ" ಎಂದು ಮೊಮ್ಮಗಳ ಕೈಯ ಮೇಲೆ ಒಂದು ಏಟು ಹಾಕಿದಳು. ಮಗು ಅಳಲಿಲ್ಲ. ತನ್ನ ಕೈಯನ್ನು ನೋಡಿಕೊಂಡಿತು, ಆಮೇಲೆ ನನ್ನ ಕೈಯನ್ನು ನೋಡಿತು. ನನ್ನ ಕೈ ಇನ್ನೂ ತೊಡೆಯ ಮೇಲೆಯೇ ಇತ್ತು. ಅವ್ವನ ತಪ್ಪೆಂದು ನಾನು ಹೇಳಲಾರೆ. ಕಾಲು ಬಿದ್ದ ಮಗುವನ್ನು ಹೊತ್ತು ತಿರುಗಿದವಳು ಅವಳು. ಆದರೆ ಆ ಏಟು ನನಗೇ ಬಿದ್ದಂತಾಯಿತು. ನಾನು ಏನನ್ನೂ ಹೇಳಲಿಲ್ಲ.

ಮೂರು ವರ್ಷಗಳ ಬಳಿಕ, 1996ರಲ್ಲಿ, ಮಗಳು ಬಾಲವಾಡಿಗೆ ಹೋಗತೊಡಗಿದಳು. ಅಲ್ಲಿ ಅವಳು ಬೇರೆ ಅಪ್ಪಂದಿರನ್ನು ಕಂಡಳು. ಸೈಕಲ್ ತುಳಿಯುವ ಅಪ್ಪಂದಿರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡುವ ಅಪ್ಪಂದಿರು. ಒಂದು ರವಿವಾರ ನಾನು ಹಿತ್ತಲಲ್ಲಿ ಸ್ನಾನಕ್ಕೆ ಕುಳಿತಿದ್ದಾಗ ಬಂದು ಎದುರು ನಿಂತಳು. ಒಂದು ಕಾಲನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಅಂಗಡಿಯಲ್ಲಿ ಎರಡು ಬಟ್ಟೆಗಳನ್ನು ಹೋಲಿಸಿ ನೋಡುವವರ ಹಾಗಿತ್ತು ಆ ನೋಟ. ಬಳಿಕ ಕೇಳಿದಳು: "ಅಪ್ಪಾ, ನಿನ್ನ ಈ ಕಾಲ ಯಾಕ ಸಣ್ಣ ಅದ?"

ಅವಳ ದನಿಯಲ್ಲಿ ಮರುಕವಿರಲಿಲ್ಲ, ಅಸಹ್ಯವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಚಂದ್ರ ಯಾಕೆ ನಮ್ಮ ಜೊತೆಗೇ ಬರುತ್ತಾನೆ, ಹಲ್ಲಿ ಯಾಕೆ ಬೀಳುವುದಿಲ್ಲ ಎಂದು ಕೇಳುವ ದನಿಯೇ ಇದು. ಹೆಸರು ಕೇಳಿ ತಿಳಿದು ಸುಮ್ಮನಾಗಬೇಕೆಂದು ಬಂದ ಮಗುವಿನ ಎದುರು, ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ದಿನವೂ ಪಾಠ ಹೇಳುವ ಮಾಸ್ತರನು ಹೇಳಿದ್ದೇನು? "ಸಣ್ಣಾಂವ ಇದ್ದಾಗ ಹುಣಸೀ ಗಿಡ ಏರಿದ್ನೆವ್ವಾ. ಭಾಳ ಎತ್ತರದ ಗಿಡ. ಅಲ್ಲಿಂದ ಬಿದ್ದೆ."

ಈ ಸುಳ್ಳು ಎಲ್ಲಿಂದ ಬಂದಿತೆಂದು ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಮಗಳ ಕಣ್ಣಿನಲ್ಲಿ ಜ್ವರಕ್ಕೆ ಸೋತ ಮಗುವಾಗುವುದಕ್ಕಿಂತ ಮರ ಹತ್ತಿದ ಧೀರನಾಗುವುದು ನನಗೆ ಬೇಕಾಗಿತ್ತು. ನಾನು ಜೀವಮಾನದಲ್ಲಿ ಒಂದು ಮರವನ್ನೂ ಹತ್ತಿದವನಲ್ಲ. ಹೆಂಡತಿ ಒಲೆಯ ಮುಂದಿನಿಂದ ನನ್ನ ಕಡೆ ಒಮ್ಮೆ ನೋಡಿ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಮಗಳು "ಹೌದಾ?" ಎಂದು ಆಡಲು ಹೋದಳು. ವಿಷಯ ಮುಗಿಯಿತೆಂದು ನಾನು ತಿಳಿದೆ.

ಮುಗಿದಿರಲಿಲ್ಲ. ಆ ದೀಪಾವಳಿಗೆ ಊರಿಗೆ ಹೋದೆವು. ಹೊಲದ ಬದುವಿನಲ್ಲಿ ನಿಜವಾಗಿಯೂ ಒಂದು ದೊಡ್ಡ ಹುಣಸೆಯ ಮರವಿದೆ. ನನ್ನ ಅಣ್ಣನ ಮಗ, ಒಂಬತ್ತು ವರ್ಷದವನು, ಸರಸರನೆ ಅದನ್ನು ಏರಿದ. ಕೆಳಗೆ ನಿಂತಿದ್ದ ಮಗಳು ಚೀರಿ ಅಳತೊಡಗಿದಳು. "ಇಳಿಯೋ, ಇಳಿಯೋ, ನಮ್ಮಪ್ಪನ ಹಂಗ ಕಾಲ ಸಣ್ಣ ಆಗ್ತದ" ಎಂದು ಮೈ ನಡುಗುವಂತೆ ಅತ್ತಳು. ಹೊಲದಲ್ಲಿದ್ದವರೆಲ್ಲ ಕೂಡಿದರು. ಆ ಹುಡುಗ ಕೊಂಬೆಯ ಮೇಲಿಂದಲೇ ನಕ್ಕು ಹೇಳಿದ: "ನಿಮ್ಮಪ್ಪ ಯಾವ ಗಿಡಾನೂ ಏರಿಲ್ಲ. ಕಾಕಾ ಸಣ್ಣಾಂವ ಇದ್ದಾಗಿಂದನ ಕುಂಟ ಅದಾನ."

ಎಲ್ಲರೂ ಸ್ತಬ್ಧರಾದರು. ಅಣ್ಣ ಮಗನನ್ನು ಹೊಡೆಯಲು ಕೈ ಎತ್ತಿದ. ಹುಡುಗ ಹೇಳಿದ್ದು ನಿಜವೇ ಆಗಿತ್ತು. ಏಟಿಗೆ ಯೋಗ್ಯನಾದವನು ಬೇರೊಬ್ಬನಿದ್ದ. ನಾನು ಅಣ್ಣನ ಕೈ ಹಿಡಿದೆ.

ಆ ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ಮಗಳು ಕೇಳಿದಳು: "ಅಪ್ಪಾ, ಕುಂಟ ಅಂದ್ರ ಏನು? ಕುಂಟಾಬಿಲ್ಲಿ ಆಡಾಂವೇನು?"

ಈಗ ನೆನೆದರೆ ನಗು ಬರುತ್ತದೆ. ಆಗ ಗಂಟಲು ಕಟ್ಟಿತು. ಜೀವನವಿಡೀ ನಾನು ಅಡಗಿಕೊಂಡು ತಪ್ಪಿಸಿಕೊಂಡಿದ್ದ ಒಂದು ಶಬ್ದ ಅವಳಿಗೆ ಒಂದು ಆಟದ ಹೆಸರಾಗಿತ್ತು. ಈ ಶಬ್ದದ ಬದಲು ಎಷ್ಟೋ ಶಬ್ದಗಳು ಬಂದವು. ಅರ್ಜಿಗಳಲ್ಲಿ ಅಂಗವಿಕಲ ಎಂದು ಬರೆದೆ, ಮರಾಠಿಯಲ್ಲಿ ಅಪಂಗ ಎಂದು ಬರೆದೆ. ಕರ್ನಾಟಕದಲ್ಲಿ ವಿಕಲಚೇತನ ಎನ್ನುತ್ತಾರೆ. ಈಚೆಗೆ ದಿವ್ಯಾಂಗ ಎನ್ನುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಶಬ್ದಗಳನ್ನು ಬದಲಿಸುತ್ತಾರೆ, ಒಪ್ಪುತ್ತೇನೆ. ಆದರೆ ಮುಳ್ಳು ಇರುವುದು ಹೇಳುವವನ ದನಿಯಲ್ಲಿ ಮತ್ತು ಕೇಳುವವನ ಎದೆಯಲ್ಲಿ. ಆ ರಾತ್ರಿ ಮಗಳ ಬಾಯಿಂದ ಬಂದಾಗ ಅದರಲ್ಲಿ ಮುಳ್ಳಿರಲಿಲ್ಲ.

ಅವಳ ಎರಡನೆಯ ಪ್ರಶ್ನೆ ಮಾತ್ರ ಚುಚ್ಚಿತು: "ಗಿಡಾ ಏರಿ ಬಿದ್ದೆ ಅಂತ ಸುಳ್ಳ ಯಾಕ ಹೇಳಿದಿ?"

"ನಾಚಿಕಿ ಆಗಿತ್ತವ್ವಾ" ಎಂದೆ. ನನ್ನ ನಾಚಿಕೆಯನ್ನು ಮತ್ತೊಬ್ಬರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಅವಳಿಗೆ ತಿಳಿಯುವಂತೆ ಇದ್ದುದನ್ನು ಇದ್ದ ಹಾಗೆ ಹೇಳಿದೆ. ಕಣ್ಣಿಗೆ ಕಾಣದ ಒಂದು ಹುಳ ಇರುತ್ತದೆ. ಹೊಲಸು ನೀರಿನ ಮೂಲಕ, ಹೊಲಸು ಕೈಯ ಮೂಲಕ ಬಾಯಿಗೆ ಹೋಗುತ್ತದೆ. ಬಹಳ ಮಂದಿಗೆ ಏನೂ ಆಗುವುದಿಲ್ಲ, ಯಾರೋ ಕೆಲವರಿಗೆ ಮಾತ್ರ ಹೀಗಾಗುತ್ತದೆ. ಕಾಲಿಗೆ ನಡೆ ಎಂದು ಹೇಳುವ ತಂತಿಗಳು ಬೆನ್ನಿನೊಳಗಿವೆ. ಆ ಹುಳ ಅವನ್ನು ಕೆಡಿಸಿತು. ಕೆಲಸ ಹೇಳುವವರಿಲ್ಲದೆ ಕಾಲು ಸೊರಗಿತು. (ಸೋಂಕು ತಗುಲಿದ 200 ಮಂದಿಯಲ್ಲಿ ಸುಮಾರು ಒಬ್ಬರಿಗೆ ಪಾರ್ಶ್ವವಾಯು ಆಗುತ್ತದೆಂದು ನಾನು ಓದಿದ್ದು ಆಮೇಲೆ. ಬಲಗಾಲು ಆ ಒಬ್ಬನ ಪಾಲಿಗೆ ಬಂದಿತ್ತು.)

ಅವಳು ಸ್ವಲ್ಪ ಹೊತ್ತು ಯೋಚಿಸಿ, "ನನಗೂ ಹಂಗ ಆಗ್ತದೇನು?" ಎಂದಳು. ಇಲ್ಲ, ನಿನಗೆ ಔಷಧದ ಹನಿ ಹಾಕಿಸಿದ್ದೇವೆ ಎಂದೆ. ಆಮೇಲೆ ಚಾದರದೊಳಗೆ ಕೈ ತೂರಿಸಿ ನನ್ನ ಅಂಗಾಲಿಗೆ ಕಚಗುಳಿಯಿಟ್ಟಳು. ನಾನು ಕಿರುಚಿ ನಕ್ಕೆ. "ಸತ್ತಿಲ್ಲ! ಇದು ಸತ್ತಿಲ್ಲ!" ಎಂದು ಎದ್ದು ಕುಳಿತು ಚಪ್ಪಾಳೆ ತಟ್ಟಿದಳು. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಪೋಲಿಯೋ ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳನ್ನು ಕೊಲ್ಲುತ್ತದೆ; ಸ್ಪರ್ಶವನ್ನು ತಿಳಿಸುವ ನರಗಳನ್ನು ಮುಟ್ಟುವುದಿಲ್ಲ. ಚಳಿ, ನೋವು, ಕಚಗುಳಿ ಎಲ್ಲವೂ ಆ ಕಾಲಿಗೆ ತಿಳಿಯುತ್ತವೆ. ಮೂವತ್ತೊಂಬತ್ತು ವರ್ಷದವನಾಗಿದ್ದ ನನ್ನ ಆ ಕಾಲಿಗೆ ಅದಕ್ಕೆ ಮುಂಚೆ ಯಾರೂ ಕಚಗುಳಿ ಇಟ್ಟಿರಲಿಲ್ಲ.

ಅದೇ 1996ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೋ ಲಸಿಕೆಯ ದಿನ ಬಂದಿತು. ಹಿಂದಿನ ವರ್ಷ ದೇಶದಾದ್ಯಂತ ಆರಂಭವಾದ ಆ ಕಾರ್ಯಕ್ರಮದಲ್ಲಿ ಮೊದಲು ಮೂರು ವರ್ಷದೊಳಗಿನ ಮಕ್ಕಳಿಗೆ ಹನಿ ಹಾಕುತ್ತಿದ್ದರು. ಆ ವರ್ಷ ಐದು ವರ್ಷದೊಳಗಿನವರಿಗೆಂದು ವಿಸ್ತರಿಸಿದ್ದರು. ನಮ್ಮ ಶಾಲೆಯೇ ಬೂತ್. ಪಟ್ಟಿ ಬರೆಯುವ ಕೆಲಸ ನನಗೆ. ಮಗಳೂ ಬಂದು ಎರಡು ಹನಿ ಹಾಕಿಸಿಕೊಂಡು, ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು ಮಾಡಿಸಿಕೊಂಡು, ಬಾಕಿನ ತುದಿಯಲ್ಲಿ ಕುಳಿತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಬಾಗಿಲ ತನಕ ಬಂದು ನಿಂತಳು. ಒಳಗೆ ಬರಲೊಲ್ಲಳು. "ಹೋದ ಸಲ ಹಾಕಿಸೀನ್ರಿ. ಮತ್ತ ಮತ್ತ ಯಾಕ? ಕೂಸಿಗೆ ಏನರೆ ಆದ್ರ?" ಎಂದಳು. ನರ್ಸ್ ಬಾಯಿ ತಿಳಿಹೇಳಿದರು. ಅವಳು ಕೇಳಲಿಲ್ಲ, ಹಿಂದಿರುಗಿ ಹೊರಟಳು. ನಾನು ಪಟ್ಟಿ ಮುಚ್ಚಿಟ್ಟು, ಕುರ್ಚಿಯಲ್ಲಿ ಕುಳಿತಲ್ಲೇ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಕ್ಯಾಲಿಪರಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದೆ. ಆ ಊರಿನಲ್ಲಿ ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದ್ದೆ. ಒಬ್ಬರೂ ಆ ಕಾಲನ್ನು ಕಂಡಿರಲಿಲ್ಲ. "ತಂಗೀ, ಇಲ್ನೋಡು" ಎಂದೆ. "ನನಗ ಈ ಹನಿ ಸಿಕ್ಕಿರಲಿಲ್ಲ."

ಅವಳು ಬಹಳ ಹೊತ್ತು ಕಾಲನ್ನೇ ನೋಡಿದಳು. ಆಮೇಲೆ ಒಳಗೆ ಬಂದು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾನೇ ಅದರ ಕೆನ್ನೆಯನ್ನು ಒತ್ತಿ ಬಾಯಿ ತೆರೆಸಿದಳು. ಯಾರೂ ಮಾತಾಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮಗಳು ಕೇಳಿದಳು: "ಆ ಅಕ್ಕ ನಿನ್ನ ಕಾಲ ಕೇಳಿದ್ಲೇನು?" ಇಲ್ಲ ಎಂದೆ. "ಕೇಳದನ ಹೇಳಿದಿ" ಎಂದು ತೀರ್ಪು ಕೊಟ್ಟಳು. ಆಮೇಲೆ ಪೆಪ್ಪರಮಿಂಟು ಕೇಳಿದಳು.

ಮುಂದೆ ಅವಳು ನಮ್ಮ ಕನ್ನಡ ಶಾಲೆಗೇ ಬಂದಳು. ಶ್ರವಣಕುಮಾರನ ಕಥೆಯನ್ನು ಓದಿದ ದಿನ ಮನೆಗೆ ಬಂದು, "ನಾನೂ ನಿನ್ನ ಕಾವಡಿಯೊಳಗ ಹೊತ್ಕೊಂಡ ಹೋಗ್ತೀನಿ" ಎಂದಳು. ಇನ್ನೊಂದು ತಕ್ಕಡಿಯಲ್ಲಿ ಯಾರು ಎಂದರೆ, "ಅವ್ವಗ ನಡೀಲಿಕ್ಕ ಬರ್ತದ. ನಿನ್ನ ಪುಸ್ತಕಾ ಇಡ್ತೀನಿ" ಎಂದಳು. ತಂದೆತಾಯಿಯರ ಅಂಗದೋಷವನ್ನು ಕುರಿತು ನಮ್ಮ ಪರಂಪರೆ ಮಕ್ಕಳಿಗೆ ಹೇಳುವ ಕಥೆ ಬಹುಮಟ್ಟಿಗೆ ಇದೊಂದೇ. ಹೊರುವ ಮಗ, ಕುಳಿತ ತಂದೆತಾಯಿ. ಕುರುಡನಾದ ಧೃತರಾಷ್ಟ್ರನಿಗೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗಾಂಧಾರಿಗೂ ನೂರು ಮಂದಿ ಗಂಡುಮಕ್ಕಳು. ಅವರಲ್ಲಿ ಹಿರಿಯವನು ತೊಟ್ಟಿಲಿಂದ ಇಳಿದು, ತನ್ನ ತಂದೆ ತನ್ನ ಕಡೆ ನೋಡುತ್ತಿಲ್ಲವೆಂದು ಮೊದಲು ಕಂಡುಕೊಂಡ ದಿನ ಹೇಗಿದ್ದಿರಬಹುದು? ಶ್ರವಣನು ಕಾವಡಿ ಹೊರುವ ಮೊದಲು, ಚಿಕ್ಕವನಾಗಿದ್ದಾಗ, ಅವ್ವನ ಮುಖದ ಮುಂದೆ ಕೈಯಾಡಿಸಿ ನೋಡಿದ್ದನೇ? ಅವರು ಅವನಿಗೆ ಏನು ಹೇಳಿದರು? ನಾನು ಮಕ್ಕಳಿಗೆ ಪಾಠ ಹೇಳುವಾಗ ಈ ಪ್ರಶ್ನೆಗಳನ್ನು ಕೇಳತೊಡಗಿದೆ. ಪಠ್ಯದಲ್ಲಿ ಇಲ್ಲದ ಉತ್ತರಗಳು ಬಂದವು. ಒಬ್ಬ ಹುಡುಗ ತನ್ನ ತಂದೆಯ ಬೆರಳುಗಳು ಮೇವು ಕತ್ತರಿಸುವ ಯಂತ್ರಕ್ಕೆ ಹೋದ ಸಂಗತಿಯನ್ನು ಅಂದು ಮೊದಲ ಸಲ ತರಗತಿಯಲ್ಲಿ ಹೇಳಿದ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ನಡೆದುದನ್ನು ಮುಚ್ಚಿಡಬಾರದೆಂಬುದೇ ಇಲ್ಲಿಯ ಮಾತಾದ್ದರಿಂದ ಇನ್ನೊಂದನ್ನೂ ಹೇಳಬೇಕು. ನಾಲ್ಕನೆಯ ತರಗತಿಯ ಬಳಿಕ, ಮುಂದಿನ ಓದಿಗೆ ಅನುಕೂಲವೆಂದು ಮಗಳನ್ನು ಸೊಲ್ಲಾಪುರದ ಒಂದು ಮರಾಠಿ ಶಾಲೆಗೆ ಸೇರಿಸಿ, ಮನೆಯನ್ನೂ ಅಲ್ಲಿಗೆ ಬದಲಾಯಿಸಿದೆ. ಕನ್ನಡ ಶಾಲೆಯ ಮಾಸ್ತರನ ಮಗಳು ಮರಾಠಿ ಶಾಲೆಗೆ ಹೋದಳೆಂದು ಸಂಘದಲ್ಲಿ ಕೆಲವರು ಅಂದುಕೊಂಡದ್ದು ನನಗೆ ಗೊತ್ತು, ಅನ್ನಬೇಕಾದದ್ದೇ. ಅವಳು ಏಳನೆಯ ತರಗತಿಯಲ್ಲಿದ್ದಾಗ ಪಾಲಕರ ಸಭೆಯ ಚೀಟಿ ಬಂತು. ನಾನು ಹೊರಡಲು ಸಿದ್ಧನಾದೆ. ಅವಳು ನೆಲ ನೋಡುತ್ತ, "ಅಪ್ಪಾ, ನೀ ಬರಬ್ಯಾಡ. ಅವ್ವ ಬರ್ಲಿ" ಎಂದಳು. ಕಾರಣ ಕೇಳಲಿಲ್ಲ. ಕಾರಣ ನನಗೆ ಗೊತ್ತೆಂದುಕೊಂಡೆ. ಕಟ್ಟಿಕೊಂಡಿದ್ದ ಕ್ಯಾಲಿಪರನ್ನು ಬಿಚ್ಚಿ ಮೂಲೆಗಿಟ್ಟೆ. ಆಮೇಲೆ ಮೂರು ವರ್ಷ ಆ ಶಾಲೆಯ ಗೇಟಿನ ಕಡೆ ನಾನು ಹೋಗಲಿಲ್ಲ.

2014ರ ಮಾರ್ಚ್ 27ರಂದು, ಭಾರತ ಪೋಲಿಯೋ ಮುಕ್ತವಾಯಿತೆಂಬ ಪ್ರಮಾಣಪತ್ರ ದೊರೆಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯ ಒಂದು ಚಿಕ್ಕ ಹುಡುಗಿಯದು. ಮೂರು ವರ್ಷ ಹೊಸ ಪ್ರಕರಣ ಕಾಣಲಿಲ್ಲವೆಂದು ಖಚಿತವಾದ ಮೇಲೆ ಆ ಪತ್ರ. ಸುದ್ದಿ ನೋಡಿ ಪುಣೆಯಿಂದ ಮಗಳು ಫೋನ್ ಮಾಡಿದಳು. ಆಗ ಅವಳಿಗೆ ಇಪ್ಪತ್ತೆರಡು, ಕೆಲಸಕ್ಕೆ ಸೇರಿದ್ದಳು. "ಅಪ್ಪಾ, ನಿನ್ನ ಹುಳ ಸತ್ತು ಹೋತು" ಎಂದು ನಕ್ಕಳು. ಮಾತಿನಲ್ಲಿ ಮಾತು ಬಂದು, ಹತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದುದನ್ನು ಕೇಳಿಬಿಟ್ಟೆ: "ಆ ಸಭೆಗೆ ನಾ ಬರಬ್ಯಾಡ ಅಂದಿದ್ದೆಲ್ಲ, ನನ್ನ ಕಾಲಿನ ಸಲುವಾಗಿ ನಾಚಿಕಿ ಆಗಿತ್ತೇನು?"

ಅವಳಿಗೆ ಮೊದಲು ನೆನಪಾಗಲಿಲ್ಲ. ನೆನಪಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. "ಕಾಲಿನ ಸಲುವಾಗಿ ಅಲ್ಲಪ್ಪಾ. ನಿನ್ನ ಕಾಲಿನ ಕಥಿ ನನ್ನ ಗೆಳತ್ಯಾರಿಗೆಲ್ಲ ನಾನ ಹೇಳಿದ್ದೆ. ನಿನ್ನ ಮರಾಠಿಗೆ ಹುಡುಗ್ಯಾರು ನಗ್ತಿದ್ರು. ನೀ ಮಾತಾಡೋ ಹಂಗ ಮಾಡಿ ತೋರಸ್ತಿದ್ರು. ಅದಕ್ಕ" ಎಂದಳು.

ಫೋನ್ ಇಟ್ಟ ಮೇಲೆ ನಾನು ಬಹಳ ಹೊತ್ತು ಕುಳಿತೆ. ನನ್ನ ಮರಾಠಿ ಕನ್ನಡದ ಎಳೆತದ್ದು. ಲಿಂಗವೂ ತಪ್ಪುತ್ತದೆ, ಉಚ್ಚಾರವೂ ತಪ್ಪುತ್ತದೆ. ಸೊಲ್ಲಾಪುರದಂಥ ಊರಿನಲ್ಲಿ, ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಬರುವ ಊರಿನಲ್ಲಿ, ಅದು ನಾಚಬೇಕಾದ ಸಂಗತಿಯೇ ಅಲ್ಲ. ಆದರೆ ನಾನು ನಾಚುತ್ತಿದ್ದೆ. ಬಸ್ಸಿನಲ್ಲಿ, ಕಚೇರಿಗಳಲ್ಲಿ ಮಗಳೊಡನೆ ಕನ್ನಡದಲ್ಲಿ ಮಾತಾಡುವಾಗ ದನಿ ತಗ್ಗಿಸುತ್ತಿದ್ದೆ. ಹೊರಗಿನವರು ಬಂದರೆ ಅರ್ಧ ಮಾತ್ರ ಬರುವ ಮರಾಠಿಗೆ ಹೊರಳುತ್ತಿದ್ದೆ. ಹುಡುಗಿಯಾಗಿದ್ದ ಅವಳು ಒಮ್ಮೆ, "ನೀ ಯಾಕ ಸಣ್ಣ ದನೀಲೆ ಮಾತಾಡ್ತಿ?" ಎಂದು ಕೇಳಿದ್ದೂ ಉಂಟು. ಆಗ ನಾನು ಉತ್ತರಿಸಲಿಲ್ಲ. ಕಾಲಿನ ವಿಷಯದಲ್ಲಿ ಒಂದು ರಾತ್ರಿ ನಿಜ ಹೇಳಿದ್ದೆ. ಜೀವಮಾನದ ತನಕ ಅವಳಿಗೆ ಅದರ ಭಾರ ತಟ್ಟಲಿಲ್ಲ. ನುಡಿಯ ವಿಷಯದಲ್ಲಿ ಹಗೇವಿನ ಹಿಂದೆಯೇ ನಿಂತಿದ್ದೆ. ಅವಳೂ ನನ್ನ ಹಿಂದೆ ಬಂದು ನಿಂತಳು. ಹುಟ್ಟಿದ ವರ್ಷದೊಳಗೆ ತೊಡೆಯ ಮೇಲೆ ಕೈಯಿಟ್ಟು ನನ್ನಂತೆ ನಡೆದವಳಲ್ಲವೇ? ಮಕ್ಕಳು ನಮ್ಮ ಕೊರತೆಯನ್ನು ಕಂಡು ಕುಗ್ಗುವುದಿಲ್ಲ. ನಾವು ಕುಗ್ಗುವುದನ್ನು ಕಂಡು ಕುಗ್ಗುತ್ತಾರೆ.

ಅದರ ಬಳಿಕ ನಾನು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಬಸ್ಸಿನಲ್ಲಿ ಗಟ್ಟಿಯಾಗಿ ಕನ್ನಡ ಮಾತಾಡುತ್ತೇನೆ.

ಕಳೆದ ಸಂಕ್ರಾಂತಿಯ ಗಡ್ಡೆಯ ಜಾತ್ರೆಗೆ ಮಗಳು ತನ್ನ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಪುಣೆಯಿಂದ ಬಂದಿದ್ದಳು. ಸಿದ್ಧರಾಮ ಸ್ಥಾಪಿಸಿದನೆನ್ನುವ 68 ಲಿಂಗಗಳ ಪ್ರದಕ್ಷಿಣೆಗೆ ಏಳು ನಂದಿಧ್ವಜಗಳು ಹೊರಟಿದ್ದವು. ರಸ್ತೆಯ ಬದಿಯ ಒಂದು ಅಂಗಡಿಯವರು ನನಗೆ ಕುರ್ಚಿ ಹಾಕಿದ್ದರು. ಮೊಮ್ಮಗ ಪಕ್ಕದಲ್ಲಿ ನಿಂತು ಧ್ವಜಗಳನ್ನು ನೋಡುತ್ತಿದ್ದವನು ಒಮ್ಮೆಲೇ ಬಗ್ಗಿ ನನ್ನ ಪ್ಯಾಂಟಿನ ಅಂಚನ್ನು ಎತ್ತಿ, ಜನರೆಲ್ಲ ತಿರುಗಿ ನೋಡುವಂತೆ ಕೇಳಿದ: "ಅಜ್ಜಾ, ನಿನ್ನ ಕಾಲಿಗೆ ಕಬ್ಬಿಣ ಯಾಕ ಕಟ್ಯಾರ?" ಮಗಳು ಬಾಯಿ ತೆರೆದಳು, ಆಮೇಲೆ ನನ್ನ ಕಡೆ ನೋಡಿ ಸುಮ್ಮನಾದಳು. ವಾದ್ಯಗಳ ಗದ್ದಲವನ್ನು ಮೀರಿ ಕೇಳುವಂತೆ ಕನ್ನಡದಲ್ಲಿಯೇ ಎಲ್ಲವನ್ನೂ ಹೇಳಿದೆ. ಅವನು ಕೇಳಿಕೊಂಡು, "ಭಾರ ಅದನು?" ಎಂದ. ಅದ ಎಂದೆ. "ಎಷ್ಟು?"

ನನಗೆ ಗೊತ್ತಿರಲಿಲ್ಲ. ಮರುದಿನ ಇಬ್ಬರೂ ಅದನ್ನು ಚೀಲದಲ್ಲಿಟ್ಟುಕೊಂಡು ಓಣಿಯ ಕಿರಾಣಿ ಅಂಗಡಿಗೆ ಹೋಗಿ ತೂಗಿಸಿದೆವು. ಬೂಟು ಸಹಿತ 2 ಕಿಲೋ 100 ಗ್ರಾಂ. "ಇಷ್ಟ ಏನು?" ಎಂದ ಮೊಮ್ಮಗ, ಸ್ವಲ್ಪ ನಿರಾಸೆಯಿಂದಲೇ.

ಈ ಸಾಹಿತ್ಯ ಸಮ್ಮೇಳನಕ್ಕೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆತರುವ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕುಳಿತವನ ಕಾಲನ್ನು ತೋರಿಸಿ ಯಾವುದಾದರೂ ಮಗು ಏನಾದರೂ ಕೇಳಿದರೆ, ದಯಮಾಡಿ ಅದರ ಬಾಯಿ ಮುಚ್ಚಿಸಬೇಡಿರಿ. ನೇರವಾಗಿ ನನ್ನ ಬಳಿಗೆ ಕಳುಹಿಸಿರಿ. ಕನ್ನಡದಲ್ಲಿ ಕೇಳಿದರೆ ಇನ್ನೂ ಸಂತೋಷ.